ಚಾವಡಿಯ ಮಾತು, ಕೋಣೆಯ ಮಾತು

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಈ ಸಂಜೆ ನಾವು ಎತ್ತಿಕೊಂಡಿರುವ ವಿಷಯ ಮೊದಲ ಕೇಳುವಿಕೆಗೆ ದೂರದ್ದೆನಿಸಬಹುದು. ಕಂಪ್ಯೂಟರನ್ನು ನಡೆಸುವ ತಂತ್ರಾಂಶವನ್ನು ಸ್ವಂತ ಇಚ್ಛೆಯಿಂದ, ಯಾರ ಅಪ್ಪಣೆಯೂ ಇಲ್ಲದೆ, ಕೂಡಿ ಕಟ್ಟುವ ಜನ ಜಗತ್ತಿನಲ್ಲಿ ಸಾವಿರಗಟ್ಟಲೆ ಇದ್ದಾರೆ. ಅವರು ತಮ್ಮ ಸಮಾಲೋಚನೆಯನ್ನು ಎಲ್ಲರೆದುರು ನಡೆಸಬೇಕೇ, ಇಲ್ಲವೇ ಆಯ್ದ ಕೆಲವರನ್ನು ಕರೆದು ಬಾಗಿಲು ಹಾಕಿಕೊಂಡು ನಡೆಸಬೇಕೇ ಎಂಬುದು ಅವರಲ್ಲಿ ಮೂವತ್ತು ವರ್ಷಗಳಿಂದ ನಡೆದುಬಂದಿರುವ ವಾದ. ಆ ವಾದ ನಮಗೇಕೆ ಎಂದು ನೀವು ಕೇಳಬಹುದು. ಅದು ಕೇಳತಕ್ಕ ಪ್ರಶ್ನೆಯೇ.

ನಿಮ್ಮ ಜೇಬಿನ ಫೋನು ಆಂಡ್ರಾಯ್ಡ್ ಫೋನಾಗಿದ್ದರೆ ಅದರ ತಳಪಾಯದಲ್ಲಿರುವುದು ಲಿನಕ್ಸ್ ಎಂಬ ತಂತ್ರಾಂಶ. ಅಂಗಡಿಯ ಮುಂದೆ ಅಂಟಿಸಿದ ಕ್ಯೂಆರ್ ಕೋಡಿಗೆ ಗಿರಾಕಿ ತನ್ನ ಫೋನು ಹಿಡಿಯುವಾಗ ಆ ತಳಪಾಯದ ಮೇಲೆಯೇ ನಿಮ್ಮ ವ್ಯಾಪಾರ ನಡೆಯುತ್ತದೆ. ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯೊಂದಿದೆ. 2017ರ ನವೆಂಬರಿನಿಂದ ಆ 500ಕ್ಕೆ 500ರಲ್ಲೂ ಇರುವುದು ಲಿನಕ್ಸೇ. ಹೀಗೆ, ನಾವು ಮುಖ ನೋಡದ ಜನ ತಮ್ಮತಮ್ಮಲ್ಲಿ ಹೇಗೆ ಮಾತನಾಡಿಕೊಳ್ಳುತ್ತಾರೆ ಎಂಬುದಕ್ಕೂ ನಮ್ಮ ಗಲ್ಲಾಪೆಟ್ಟಿಗೆಗೂ ನಂಟಿದೆ. ಇದು ಒಂದು ಕಾರಣ. ಇನ್ನೊಂದು ಕಾರಣವೂ ಉಂಟು. ಕೂಡಿ ದುಡಿಯುವ ಜನ ಇರುವಲ್ಲೆಲ್ಲ ಈ ಪ್ರಶ್ನೆ ಇದ್ದೇ ಇದೆ. ಅವರಲ್ಲಿ ಅದು ಬಹಳ ನಿಚ್ಚಳವಾಗಿ ಕಾಣಿಸಿಕೊಂಡಿದೆ, ಅಷ್ಟೆ.

ಮೊದಲು ಅವರ ಸಭೆ ಎಂಥದೆಂಬುದನ್ನು ತಿಳಿಯೋಣ. ಇವರು ಒಂದೂರಿನವರಲ್ಲ. ಒಬ್ಬ ಜರ್ಮನಿಯಲ್ಲಿದ್ದರೆ ಒಬ್ಬಾಕೆ ಬ್ರೆಜಿಲಿನಲ್ಲಿ; ನಮ್ಮ ಬೆಂಗಳೂರಿನ ತರುಣರೂ ಇವರಲ್ಲಿ ಪಾಲುಗಾರರು. ಸಭಾಮಂದಿರವಿಲ್ಲ, ಕುರ್ಚಿ ಮೇಜುಗಳಿಲ್ಲ. ಒಂದು ವಿಳಾಸಕ್ಕೆ ಬರೆದ ಇ-ಮೇಲ್ ಪತ್ರ ಪಟ್ಟಿಯಲ್ಲಿ ಹೆಸರಿರುವ ಎಲ್ಲರನ್ನೂ ಮುಟ್ಟುತ್ತದೆ; ಅದಕ್ಕೆ ಬರುವ ಉತ್ತರವೂ ಎಲ್ಲರನ್ನೂ ಮುಟ್ಟುತ್ತದೆ. ಇದನ್ನು ಚರ್ಚೆಯ ಪಟ್ಟಿ ಎಂದು ಕರೆಯೋಣ. ಯಾರು ಬೇಕಾದರೂ ಹೆಸರು ಬರೆಸಬಹುದು, ಹಳೆಯ ಪತ್ರಗಳನ್ನೂ ತೆಗೆದು ಓದಬಹುದು ಎಂದಿದ್ದರೆ ಅದು ತೆರೆದ ಪಟ್ಟಿ, ಊರ ಚಾವಡಿಯಂತೆ. ಒಳಗಿರುವವರು ಕರೆದವರಷ್ಟೇ ಬರತಕ್ಕದ್ದು ಎಂದಿದ್ದರೆ ಅದು ಮುಚ್ಚಿದ ಪಟ್ಟಿ, ಒಳಕೋಣೆಯಂತೆ.

ಇವರ ಕೆಲಸದ ಇನ್ನೊಂದು ಲಕ್ಷಣವನ್ನು ಮನಸ್ಸಿನಲ್ಲಿಡಬೇಕು. ಇಂದು ಇವರಲ್ಲಿ ಅನೇಕರಿಗೆ ದೊಡ್ಡ ಕಂಪನಿಗಳು ಸಂಬಳ ಕೊಡುತ್ತವೆ, ನಿಜ. ಆದರೆ ಹಗಲೆಲ್ಲ ಬೇರೆ ಉದ್ಯೋಗ ಮಾಡಿ, ಊಟವಾದ ಮೇಲೆ ಎರಡು ತಾಸು ಕುಳಿತು ಬರೆಯುವವರು ಇನ್ನೂ ಬಹಳ ಮಂದಿ. ಅಂಥವನಿಗೆ ಕೂಲಿಯಿಲ್ಲ, ಬೋನಸ್ ಇಲ್ಲ, ಬಡ್ತಿಯಿಲ್ಲ. ಮತ್ತೇನಿದೆ? ತನ್ನ ಮಾತನ್ನು ನಾಲ್ಕು ಜನ ಕೇಳುತ್ತಾರೆ, ತೀರ್ಮಾನ ಹೇಗಾಯಿತೆಂದು ತನಗೆ ತಿಳಿಯುತ್ತದೆ, ಒಳ್ಳೆಯ ಕೆಲಸ ಮಾಡಿದರೆ ಹತ್ತು ಜನ ಒಪ್ಪುತ್ತಾರೆ ಎಂಬ ಭರವಸೆಯಿದೆ. ಅದೇ ಅವನ ಕೂಲಿ. ಚರ್ಚೆಯನ್ನು ಕೋಣೆಗೆ ಒಯ್ದು ಬಾಗಿಲು ಹಾಕಿದರೆ ಆ ಕೂಲಿಯನ್ನೇ ಮುರಿದುಕೊಂಡಂತಾಯಿತು. ನಾವು ಹೇಳಬೇಕಾದ ಮಾತಿನ ತಿರುಳು ಇದು. ಉಳಿದುದೆಲ್ಲ ಇದರ ವಿವರಣೆ.

1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, 21 ವರ್ಷದ ಲಿನಸ್ ಟೋರ್ವಾಲ್ಡ್ಸ್, ಎಲ್ಲರೂ ಓದಬಹುದಾದ ಜಾಗದಲ್ಲಿ ಒಂದು ಪತ್ರ ಹಾಕಿದರು. ಹವ್ಯಾಸಕ್ಕಾಗಿ ಒಂದು ತಂತ್ರಾಂಶ ಬರೆಯುತ್ತಿದ್ದೇನೆ, ದೊಡ್ಡದೇನೂ ಆಗಲಾರದು, ನಿಮಗೆ ಏನೇನು ಇರಬೇಕೆನಿಸುತ್ತದೆ ತಿಳಿಸಿ ಎಂಬುದು ಅದರ ತಾತ್ಪರ್ಯ. ಅಂದು ಹುಟ್ಟಿದ ಕೂಸೇ ಲಿನಕ್ಸ್. ಅದರ ಮುಖ್ಯ ಚರ್ಚೆಯ ಪಟ್ಟಿಗೆ ಇಂದಿಗೂ ಯಾರು ಬೇಕಾದರೂ ಬರೆಯಬಹುದು. ಸದಸ್ಯನಾಗಿರಬೇಕೆಂಬ ಕಟ್ಟಳೆಯೂ ಇಲ್ಲ. ದಿನಕ್ಕೆ ನೂರಾರು ಪತ್ರಗಳು ಬಂದು ಬೀಳುತ್ತವೆ. ಗೊತ್ತಿಲ್ಲದವನ ತಿದ್ದುಪಡಿಯೂ ಗೊತ್ತಿದ್ದವನದೂ ಒಂದೇ ಬಯಲಿನಲ್ಲಿ ಪರೀಕ್ಷೆಗೆ ನಿಲ್ಲುತ್ತವೆ.

ಅಪಾಚೆ ಎಂಬ ಇನ್ನೊಂದು ಕೂಟದ ಪದ್ಧತಿಯೂ ನೋಡತಕ್ಕದ್ದು. 1995ರಲ್ಲಿ ಎಂಟು ಜನ ಸೇರಿ, ಅಂತರಜಾಲದ ಪುಟಗಳನ್ನು ಕೇಳಿದವರಿಗೆ ಕಳಿಸಿಕೊಡುವ ತಂತ್ರಾಂಶವೊಂದನ್ನು ಕಟ್ಟಿದರು. 1999ರಲ್ಲಿ ಅದು ಒಂದು ಪ್ರತಿಷ್ಠಾನವಾಯಿತು. ಅವರಲ್ಲಿ ಒಂದು ನೇಮ ಬೇರೂರಿದೆ: ಪಟ್ಟಿಯಲ್ಲಿ ಆಗದ ಮಾತು ಆಗಲೇ ಇಲ್ಲವೆಂದು ಲೆಕ್ಕ. ಇಬ್ಬರು ಫೋನಿನಲ್ಲಿ ಮಾತಾಡಿಕೊಂಡಿರಲಿ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಒಪ್ಪಿಕೊಂಡಿರಲಿ, ಅದನ್ನು ಪಟ್ಟಿಗೆ ತಂದು ಎಲ್ಲರೆದುರು ಇಟ್ಟಮೇಲೆಯೇ ಅದಕ್ಕೆ ಬೆಲೆ. ಬರೆದ ಕೆಲಸವನ್ನು ಬೇಡವೆಂದು ತಡೆಯುವವನು ಬರಿಯ ಬೇಡ ಎಂದರೆ ಸಾಲದು, ತಕ್ಕ ಕಾರಣ ಕೊಡಬೇಕು.

ಈ ನೇಮ ಏಕೆಂಬುದು ಗಿರಣಿಯ ಕೆಲಸಗಾರನಿಗೆ ಬೇಗ ಅರ್ಥವಾಗುತ್ತದೆ. ಹಗಲು ಪಾಳಿಯವರು ಚಹದ ಅಂಗಡಿಯಲ್ಲಿ ಕುಳಿತು ಒಂದು ವಿಷಯ ಇತ್ಯರ್ಥ ಮಾಡಿಬಿಟ್ಟರೆ ರಾತ್ರಿ ಪಾಳಿಯವನ ಗತಿಯೇನು? ಅವನು ಮಲಗಿದ್ದಾಗ ಅವನ ಹೆಸರಿನಲ್ಲಿ ತೀರ್ಮಾನವಾಗಿರುತ್ತದೆ. ಭೂಮಿಯ ಸುತ್ತ ಹರಡಿಕೊಂಡ ಕೂಟದಲ್ಲಿ ಯಾವ ಹೊತ್ತಿನಲ್ಲೂ ಅರ್ಧ ಜನಕ್ಕೆ ರಾತ್ರಿ ಪಾಳಿಯೇ. ಮಾತು ಬರಹದಲ್ಲಿರಬೇಕು, ಎಲ್ಲರಿಗೂ ಸಿಗಬೇಕು, ಉತ್ತರಕ್ಕೆ ಸಮಯವಿರಬೇಕು ಎಂಬ ಕಟ್ಟಳೆ ಹುಟ್ಟಿದ್ದು ಹೀಗೆ.

ಇನ್ನು ಬಾಗಿಲು ಹಾಕಿಕೊಂಡವರ ಕಥೆ. ಮನುಷ್ಯ ಬರೆದ ಸೂಚನೆಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿ ಎಂಬ ತಂತ್ರಾಂಶವಿದೆ. ಅದಿಲ್ಲದೆ ಲಿನಕ್ಸ್ ಕೂಡ ಬೆಳೆಯುತ್ತಿರಲಿಲ್ಲ. 1987ರಲ್ಲಿ ಅದನ್ನು ಹೊರತಂದವರು ರಿಚರ್ಡ್ ಸ್ಟಾಲ್ಮನ್. ತಂತ್ರಾಂಶ ಎಲ್ಲರ ಸೊತ್ತಾಗಬೇಕು, ಓದುವ, ತಿದ್ದುವ, ಹಂಚುವ ಹಕ್ಕು ಪ್ರತಿಯೊಬ್ಬನಿಗೂ ಇರಬೇಕೆಂದು ಜಗತ್ತಿಗೆ ಸಾರಿದವರೂ ಅವರೇ. ಹೀಗಿದ್ದೂ ಜಿಸಿಸಿಯ ಕೆಲಸದ ಚರ್ಚೆ ಆಯ್ದ ಕೆಲವರ ಪಟ್ಟಿಯಲ್ಲಿ ನಡೆಯುತ್ತಿತ್ತು. ಬಿಡುಗಡೆಗೆ ಮುಂಚಿನ ಕರಡು ಪ್ರತಿಗಳೂ ಬಯಲಿಗೆ ಬರುತ್ತಿರಲಿಲ್ಲ. ಹೊರಗಿನವರು ಕಳಿಸಿದ ತಿದ್ದುಪಡಿಗಳು ಒಳಗೆ ಹೋಗಿ ಏನಾದುವೆಂದು ಕಳಿಸಿದವರಿಗೆ ಗೊತ್ತಾಗುತ್ತಿರಲಿಲ್ಲ. ಸರಕು ಎಲ್ಲರದಾದ ಮಾತ್ರಕ್ಕೆ ಸಭೆಯೂ ಎಲ್ಲರದಾಗುವುದಿಲ್ಲ ಎಂಬ ಪಾಠ ಇಲ್ಲಿದೆ.

ಬೇಸತ್ತ ಕೆಲವರು 1997ರ ಆಗಸ್ಟಿನಲ್ಲಿ ಜಿಸಿಸಿಯ ಪ್ರತಿಯನ್ನೇ ತೆಗೆದುಕೊಂಡು ಇಜಿಸಿಎಸ್ ಎಂಬ ಹೆಸರಿನಲ್ಲಿ ಬೇರೆ ಬಿಡಾರ ಹೂಡಿದರು. ಪಟ್ಟಿ ತೆರೆದದ್ದು, ಹಳೆಯ ಪತ್ರಗಳು ತೆರೆದವು, ದಿನದಿನದ ಕೆಲಸವೂ ಎಲ್ಲರ ಕಣ್ಣಿಗೆ ಬೀಳುವಂಥದು. ಎರಡು ವರ್ಷ ತುಂಬುವುದರೊಳಗೆ ಹೊಸ ಬಿಡಾರದ ಕೆಲಸ ಹಳೆಯ ಮನೆಯದನ್ನು ಮೀರಿಸಿತು. 1999ರ ಏಪ್ರಿಲಿನಲ್ಲಿ ಹಳೆಯ ಮನೆಯವರೇ ಅದನ್ನು ಒಪ್ಪಿ, ಇನ್ನು ಮುಂದೆ ಇದೇ ಜಿಸಿಸಿ ಎಂದು ಘೋಷಿಸಿದರು. ಬೇರೆಯಾದವರು ಮತ್ತೆ ಒಂದಾದರು. ಸ್ಟಾಲ್ಮನ್ನರ ಪಕ್ಷದವರು ಹಟ ಹಿಡಿಯದೆ ಅದನ್ನು ಒಪ್ಪಿದರೆಂಬುದೂ ಅವರಿಗೆ ಭೂಷಣವೇ.

ಈ ಬೇರೆ ಹೋಗುವ ಹಕ್ಕನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಿರಣಿಯ ಕೆಲಸಗಾರ ಬೇಸತ್ತರೆ ಕೆಲಸ ನಿಲ್ಲಿಸಬಹುದು. ಆದರೆ ಮಗ್ಗವನ್ನು ಹೆಗಲ ಮೇಲೆ ಹೊತ್ತು ಹೋಗಲಾರ. ಈ ಜನ ಮಗ್ಗದ ಪ್ರತಿಯನ್ನು ಹೊತ್ತೊಯ್ಯಬಲ್ಲರು, ಹಳೆಯ ಮಗ್ಗ ಇದ್ದಲ್ಲೇ ಇರುತ್ತದೆ. ಆದರೂ ಇದು ಸುಲಭದ ದಾರಿಯಲ್ಲ. ಒಂದು ಕೆಲಸಕ್ಕೆ ಎರಡು ಮನೆ, ಎರಡು ಖರ್ಚು, ಬಳಸುವವನಿಗೆ ಯಾವುದನ್ನು ನಂಬಬೇಕೆಂಬ ಗೊಂದಲ. ಸ್ನೇಹವೂ ಮುರಿಯುತ್ತದೆ.

ಪರದೆಯ ಮೇಲೆ ಚಿತ್ರಗಳನ್ನು ಮೂಡಿಸುವ ಎಕ್ಸ್-ಫ್ರೀ-86 ಎಂಬ ಕೂಟದಲ್ಲಿ ಇಂಥದೇ ಪ್ರಸಂಗ ನಡೆದು ಕಹಿಯಾಗಿ ಮುಗಿಯಿತು. 1992ರಲ್ಲಿ ಆರಂಭವಾದ ಆ ಕೂಟಕ್ಕೆ ಒಂದು ಒಳಮಂಡಲಿಯಿತ್ತು. ಕೆಲಸ ನಿಧಾನವಾಯಿತು, ಹೊರಗಿನವರಿಗೆ ದಾರಿಯಿಲ್ಲ ಎಂಬ ದೂರು ಬೆಳೆಯಿತು. 2003ರ ಮಾರ್ಚಿನಲ್ಲಿ ಒಳಮಂಡಲಿಯು ತನ್ನವರೇ ಆದ ಕೀತ್ ಪ್ಯಾಕರ್ಡ್ ಎಂಬವರನ್ನು ಹೊರಗೆ ಹಾಕಿತು. ಅವರು ಗುಟ್ಟಾಗಿ ಬೇರೆ ಗುಂಪು ಕಟ್ಟಲು ಹೊರಟಿದ್ದಾರೆ ಎಂಬುದು ಆರೋಪ. ಬಂಧುಗಳೇ, ಇದನ್ನು ಗಮನಿಸಿ: ದೊಡ್ಡವರು ಕೋಣೆಯಲ್ಲಿ ಮಾತಾಡಿದರೆ ಒಪ್ಪದವರೂ ಇನ್ನೊಂದು ಕೋಣೆ ಹುಡುಕುತ್ತಾರೆ. ಆಮೇಲೆ ಯಾರು ಯಾರ ವಿರುದ್ಧ ಏನು ಹೂಡುತ್ತಿದ್ದಾರೆಂಬ ಶಂಕೆಯೇ ಕೂಟದ ಮುಖ್ಯ ಕೆಲಸವಾಗುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಒಳಮಂಡಲಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. 2004ರಲ್ಲಿ ಅನುಮತಿಪತ್ರದ ಷರತ್ತುಗಳನ್ನು ಬದಲಾಯಿಸಿದಾಗ ಹಂಚಿಕೆದಾರರು ಬಹುಮಟ್ಟಿಗೆ ಅದನ್ನು ಬಿಟ್ಟು ಎಕ್ಸ್-ಆರ್ಗ್ ಎಂಬ ಹೊಸ ಪ್ರತಿಷ್ಠಾನದ ಕಡೆ ಸರಿದರು. ಹಳೆಯ ಮನೆಗೆ ಬೀಗ ಬಿತ್ತು.

ಇಷ್ಟು ಕೇಳಿದ ಮೇಲೆ, ಎಲ್ಲ ಬಾಗಿಲುಗಳನ್ನೂ ಕಿತ್ತೊಗೆದರಾಯಿತಲ್ಲ ಎಂದು ನಿಮಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಕೋಣೆಯ ಪಕ್ಷದವರಿಗೂ ವಾದವಿದೆ. ಅದನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ.

ಅವರ ಮೊದಲ ವಾದ ಗದ್ದಲದ್ದು. ತೆರೆದ ಪಟ್ಟಿಗೆ ಬಂದು ಬೀಳುವ ನೂರು ಪತ್ರಗಳಲ್ಲಿ ಕೆಲಸದ ಮಾತು ಎಷ್ಟು? ದುಡಿಯದವನು ಸಲಹೆ ಕೊಡುತ್ತಾನೆ. ದುಡಿಯುವವನು ಅವಕ್ಕೆಲ್ಲ ಉತ್ತರ ಬರೆದು ಸುಸ್ತಾಗುತ್ತಾನೆ. ಗಟ್ಟಿ ಗಂಟಲಿನವನು ಗೆಲ್ಲುತ್ತಾನೆ. ಇದು ಸುಳ್ಳಲ್ಲ. ಹಳೆಯ ಊರ ಚಾವಡಿಯನ್ನು ನೆನೆಸಿಕೊಳ್ಳಿ. ಅದಕ್ಕೆ ಬಾಗಿಲಿರಲಿಲ್ಲ. ಹಾಗೆಂದು ಊರಿನ ಎಲ್ಲರೂ ಅದರ ಮೆಟ್ಟಿಲು ಹತ್ತುವಂತಿತ್ತೇ? ಕೇರಿಯವರು ಕೆಳಗೆ ನಿಲ್ಲಬೇಕಾಗಿತ್ತು, ಹೆಂಗಸರು ಆ ಕಡೆ ಸುಳಿಯುವಂತಿರಲಿಲ್ಲ. ಬಾಗಿಲಿಲ್ಲದ ಜಾಗವೂ ಮುಚ್ಚಿದ ಜಾಗವಾಗಿರಬಲ್ಲುದು.

ತಂತ್ರಾಂಶದ ಚಾವಡಿಗಳಲ್ಲೂ ಹೀಗೆಯೇ ಆಯಿತು. ಬಿರುಸು ಮಾತು, ಹೀಯಾಳಿಕೆ, ಹೊಸಬನನ್ನು ಎಲ್ಲರೆದುರು ಹಳಿಯುವುದು ಅನೇಕ ಪಟ್ಟಿಗಳಲ್ಲಿ ವಾಡಿಕೆಯಾಗಿಬಿಟ್ಟಿತ್ತು. ಹೆಣ್ಣುಮಕ್ಕಳು ಒಂದು ಪತ್ರ ಹಾಕಿ ಎರಡನೆಯದನ್ನು ಹಾಕದೆ ಸುಮ್ಮನಾಗುತ್ತಿದ್ದರು. ಅದಕ್ಕಾಗಿಯೇ 1990ರ ದಶಕದ ಕೊನೆಯಲ್ಲಿ ಲಿನಕ್ಸ್-ಚಿಕ್ಸ್ ಎಂಬ ಮಹಿಳೆಯರ ಕೂಟ ಬೇರೆಯಾಗಿ ಹುಟ್ಟಿತು. ಅದರ ಕಟ್ಟಳೆಗಳು ಎರಡೇ: ಸಭ್ಯರಾಗಿರಿ, ನೆರವಾಗಿರಿ. ಡೆಬಿಯನ್ ಎಂಬ ದೊಡ್ಡ ಕೂಟದಲ್ಲೂ 2004ರಲ್ಲಿ ಮಹಿಳೆಯರ ಒಂದು ಶಾಖೆ ಎದ್ದಿತು. ಕೊನೆಗೆ 2018ರ ಸೆಪ್ಟೆಂಬರಿನಲ್ಲಿ ಟೋರ್ವಾಲ್ಡ್ಸರೇ ತಮ್ಮ ಒರಟು ಪತ್ರಗಳಿಗಾಗಿ ಎಲ್ಲರೆದುರು ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ಹಿಂದೆ ಸರಿದರು. ಅದೇ ಹೊತ್ತಿಗೆ ನಡವಳಿಕೆಯ ಕಟ್ಟಳೆಯೊಂದು ಜಾರಿಗೆ ಬಂತು. ಗದ್ದಲಕ್ಕೂ ಬೈಗುಳಕ್ಕೂ ಮದ್ದೇನು ಎಂದರೆ ಸಭೆಗೊಬ್ಬ ಅಧ್ಯಕ್ಷ, ಮಾತಿಗೊಂದು ಹದ. ಸಭೆಯನ್ನೇ ಎತ್ತಿಕೊಂಡು ಕೋಣೆಗೆ ಹೋಗುವುದು ಮದ್ದಲ್ಲ. ಏಟು ತಿಂದವರು ಒಂದು ಬೇರೆ ಕೋಣೆ ಮಾಡಿಕೊಂಡರೆ ಅದನ್ನು ನಾವು ದೂರುವುದಿಲ್ಲ. ಬಲವಿಲ್ಲದವರು ಉಸಿರಾಡುವುದಕ್ಕೆ ಮಾಡಿಕೊಂಡ ಕೋಣೆ ಬೇರೆ, ಬಲವಿದ್ದವರು ತೀರ್ಮಾನ ಮಾಡುವುದಕ್ಕೆ ಮಾಡಿಕೊಂಡ ಕೋಣೆ ಬೇರೆ.

ಎರಡನೆಯ ವಾದ ಕಳ್ಳರದ್ದು. ತಂತ್ರಾಂಶದಲ್ಲಿ ಒಂದು ಬಿರುಕು ಕಂಡಿತೆನ್ನಿ. ಅದನ್ನು ಮುಚ್ಚುವ ಮೊದಲೇ ಚಾವಡಿಯಲ್ಲಿ ಕೂಗಿದರೆ ಕಳ್ಳನಿಗೆ ದಾರಿ ತೋರಿಸಿದಂತಾಯಿತು. ಅಂಗಡಿಯ ಹಿಂಬಾಗಿಲ ಚಿಲಕ ಮುರಿದಿದ್ದರೆ ಬಡಗಿ ಬರುವವರೆಗೆ ಯಾವ ವರ್ತಕನೂ ಸಂತೆಯಲ್ಲಿ ಸಾರುವುದಿಲ್ಲ. ಈ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಅದಕ್ಕೂ ಒಂದು ಮಿತಿ ಬೇಕು. ಲಿನಕ್ಸ್ ಹಂಚುವವರು ಬಿರುಕಿನ ಸುದ್ದಿಗಳನ್ನು ಗುಟ್ಟಾಗಿ ಮಾತಾಡಿಕೊಳ್ಳುವುದಕ್ಕೆ ವೆಂಡರ್-ಸೆಕ್ ಎಂಬ ಮುಚ್ಚಿದ ಪಟ್ಟಿ ಇಟ್ಟುಕೊಂಡಿದ್ದರು. ಆ ಪಟ್ಟಿ ಇದ್ದ ಯಂತ್ರಕ್ಕೇ ಕಳ್ಳ ನುಗ್ಗಿದ್ದಾನೆ ಎಂಬುದು 2011ರಲ್ಲಿ ಬಯಲಾಯಿತು. ಎಲ್ಲ ಬಿರುಕುಗಳ ಸುದ್ದಿಯೂ ಒಂದೇ ಪೆಟ್ಟಿಗೆಯಲ್ಲಿ! ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಸುದ್ದಿ ಹೊರಬಿದ್ದ ಮೇಲೆ ಅವನು ಮತ್ತೆ ನುಗ್ಗಿ ಎಲ್ಲವನ್ನೂ ಹಾಳುಮಾಡಿದ. ಪಟ್ಟಿ ಅಲ್ಲಿಗೇ ಮುಗಿಯಿತು.

ಅದರ ಜಾಗದಲ್ಲಿ ಬಂದ ಹೊಸ ಪಟ್ಟಿಯವರು ಪಾಠ ಕಲಿತಿದ್ದರು. ಅಲ್ಲಿ ಯಾವ ಗುಟ್ಟನ್ನೂ 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ; ಆದಷ್ಟು ಏಳು ದಿನದೊಳಗೇ ಮುಗಿಸಬೇಕು. ಆಮೇಲೆ ವಿಷಯವನ್ನು ಎಲ್ಲರೂ ಓದುವ ತೆರೆದ ಪಟ್ಟಿಗೆ ಹಾಕಲೇಬೇಕು. ಗುಟ್ಟಿಗೆ ದಿನ ಗೊತ್ತುಮಾಡಿದರು. ದಿನ ಗೊತ್ತುಮಾಡದ ಗುಟ್ಟು, ಗಡುವಿಲ್ಲದ ಕೈಸಾಲದಂತೆ; ಅದು ತಿರುಗಿ ಬರುವುದು ಅಪರೂಪ.

ಈ ಎರಡು ವಾದಗಳೂ ಒಂದೇ ಕಥೆಯಲ್ಲಿ ಕೂಡಿಕೊಂಡದ್ದು 2024ರಲ್ಲಿ. ಕಡತಗಳನ್ನು ಕುಗ್ಗಿಸಿ ಕಟ್ಟುವ ಎಕ್ಸ್-ಝಡ್ ಎಂಬ ಚಿಕ್ಕ ತಂತ್ರಾಂಶವಿದೆ. ಕಣ್ಣಿಗೆ ಬೀಳುವಂಥದಲ್ಲ, ಆದರೆ ಅಸಂಖ್ಯ ಯಂತ್ರಗಳ ಒಳಗೆ ಅದು ಕುಳಿತಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ, ಅದೂ ಸಂಬಳವಿಲ್ಲದೆ. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎನ್ನುವುದಿಲ್ಲವೇ, ಹಾಗಾಗಿತ್ತು. 2021ರಿಂದ ‘ಜಿಯಾ ಟಾನ್’ ಎಂಬ ಹೆಸರಿನ ಒಬ್ಬರು ನೆರವಿಗೆಂದು ಬಂದರು. 2022ರಲ್ಲಿ ತೆರೆದ ಪಟ್ಟಿಯಲ್ಲೇ ಕೆಲವು ಅಪರಿಚಿತ ಹೆಸರುಗಳು ಕಾಣಿಸಿಕೊಂಡು, ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ ಎಂದು ಆ ದಣಿದ ಮನುಷ್ಯನನ್ನು ಒತ್ತಾಯಿಸಿದವು. ಅವು ಹೂಡಿಟ್ಟ ಖೋಟಾ ಹೆಸರುಗಳೆಂದು ಈಗ ಬಲವಾದ ಸಂಶಯವಿದೆ. ಕ್ರಮೇಣ ಬೀಗದ ಕೈ ಜಿಯಾ ಟಾನನ ಕೈಗೂ ಬಂತು. 2024ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಬಿಡುಗಡೆಗಳಲ್ಲಿ, ದೂರದಿಂದ ಯಂತ್ರದೊಳಕ್ಕೆ ನುಸುಳುವುದಕ್ಕೆ ಒಂದು ಕಳ್ಳಗಿಂಡಿಯನ್ನು ಸೇರಿಸಲಾಗಿತ್ತು. ಜಿಯಾ ಟಾನ್ ಯಾರೆಂಬುದು ಬಯಲಾಗಿಲ್ಲ.

ನೋಡಿದಿರಾ, ಚಾವಡಿಯೇ ಮೋಸಕ್ಕೆ ಸಾಧನವಾಯಿತು. ಹಾಗಾದರೆ ಕೋಣೆಯ ಪಕ್ಷವೇ ಗೆದ್ದಿತೇ? ಮುಂದಿನದನ್ನೂ ಕೇಳಿ. ಆ ಕಳ್ಳಗಿಂಡಿಯ ಕೀಲು ಅಡಗಿದ್ದದ್ದು ಎಲ್ಲಿ? ಎಲ್ಲರೂ ನೋಡುವ ಬಯಲಿನ ಪ್ರತಿಯಲ್ಲಿ ಇರದೆ, ಹಂಚುವುದಕ್ಕೆಂದು ಕಟ್ಟಿದ ಪೊಟ್ಟಣದಲ್ಲಿ ಮಾತ್ರ ಇದ್ದ ಒಂದು ತುಣುಕಿನಲ್ಲಿ. ತಟ್ಟೆಯಲ್ಲಿ ತೋರಿಸಿದ ಮಾದರಿ ಒಂದು, ಚೀಲದಲ್ಲಿ ತುಂಬಿದ ಅಕ್ಕಿ ಇನ್ನೊಂದು! ಮಂಡಿಯ ವ್ಯಾಪಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯಲಿಗೂ ಪೊಟ್ಟಣಕ್ಕೂ ನಡುವೆ ಇದ್ದ ಆ ಕತ್ತಲೆಯ ಜಾಗದಲ್ಲೇ ಕಳ್ಳ ಕುಳಿತಿದ್ದ.

ಹಿಡಿದದ್ದು ಹೇಗೆ? ಆಂಡ್ರೆಸ್ ಫ್ರಾಯಿಂಡ್ ಎಂಬ ಕೆಲಸಗಾರರಿಗೆ ಯಂತ್ರದೊಳಗೆ ಹೋಗುವುದಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎನಿಸಿತು. ನೂಲಿನ ಸದ್ದು ಬದಲಾದರೆ ಹಳೆಯ ಕೆಲಸಗಾರ ತಲೆಯೆತ್ತಿ ನೋಡುತ್ತಾನಲ್ಲ, ಹಾಗೆ ಅವರು ಎಳೆ ಹಿಡಿದು ಹೋದರು. ಮೂಲ ಬರಹ ಎಲ್ಲರಿಗೂ ಸಿಗುವಂತಿದ್ದುದರಿಂದ ಹೊರಗಿನವರಾದ ಅವರು ಬುಡದವರೆಗೆ ಹೋಗಲು ಸಾಧ್ಯವಾಯಿತು. 2024ರ ಮಾರ್ಚ್ 28ರಂದು ಮುಚ್ಚಿದ ಪಟ್ಟಿಗೆ ಎಚ್ಚರಿಕೆ ಕೊಟ್ಟರು. ಮರುದಿನ 29ರಂದು ತೆರೆದ ಪಟ್ಟಿಗೆ ಪೂರ್ತಿ ವರದಿ ಹಾಕಿದರು. ಕೋಣೆಯಲ್ಲಿ ಒಂದು ದಿನ, ಆಮೇಲೆ ಬಯಲು. ಇದು ಕೋಣೆಯ ಸರಿಯಾದ ಉಪಯೋಗ. ಜೊತೆಗೆ ಈ ಕಥೆ ಇನ್ನೊಂದನ್ನೂ ಹೇಳುತ್ತದೆ. ಚಾವಡಿ ತೆರೆದಿದ್ದರೆ ಸಾಲದು. ಅಲ್ಲಿ ಒಬ್ಬನನ್ನು ನಾಲ್ಕು ಹೆಸರುಗಳು ಹಿಂಡುತ್ತಿರುವಾಗ ಐದನೆಯವನು ಎದ್ದು ನಿಲ್ಲಬೇಕು. ಅಂದು ಯಾರೂ ಅವರ ಭಾರಕ್ಕೆ ಹೆಗಲು ಕೊಡಲಿಲ್ಲ, ಕೊಟ್ಟವನೇ ಕಳ್ಳನಾಗಿದ್ದ.

ಕೋಣೆಯವರ ಮೂರನೆಯ ವಾದ ಮಾನದ್ದು. ಒಬ್ಬ ಸದಸ್ಯನ ಮೇಲೆ ದೂರು ಬಂದಿದೆ, ಒಬ್ಬಾಕೆಗೆ ಕಿರುಕುಳವಾಗಿದೆ, ಒಬ್ಬನಿಗೆ ಕಾಯಿಲೆ. ಇವನ್ನು ಬಯಲಿನಲ್ಲಿ ಆಡುವುದು ಮನುಷ್ಯತ್ವವಲ್ಲ. ಸರಿಯಾದ ವಾದವೇ. ಈ ವಿಷಯದಲ್ಲಿ ಡೆಬಿಯನ್ ಕೂಟದ ಅನುಭವ ಬಹಳ ಬೆಲೆಯುಳ್ಳದ್ದು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಆ ಕೂಟದಲ್ಲಿ ಇಂದು ಸುಮಾರು ಸಾವಿರ ಸದಸ್ಯರು. 1997ರಲ್ಲಿ ಅವರು ಒಂದು ಸಾಮಾಜಿಕ ಕರಾರು ಬರೆದುಕೊಂಡು, ತಮ್ಮ ತಂತ್ರಾಂಶದ ದೋಷಗಳನ್ನು ಮುಚ್ಚಿಡುವುದಿಲ್ಲ, ದೋಷಗಳ ದಫ್ತರ ಸದಾ ಎಲ್ಲರಿಗೂ ತೆರೆದಿರುತ್ತದೆ ಎಂದು ಮಾತು ಕೊಟ್ಟರು. ತಮ್ಮ ಕಿರ್ದಿಯನ್ನು ಗಿರಾಕಿಯ ಮುಂದೆ ತೆರೆದಿಟ್ಟ ವರ್ತಕನಂತೆ! ಆದರೆ ಅವರಲ್ಲೂ ಸದಸ್ಯರಷ್ಟೇ ಓದುವ ಒಂದು ಖಾಸಗಿ ಪಟ್ಟಿಯಿದೆ. ಗುಟ್ಟು ಅಗತ್ಯವಾದ ಮಾತಿಗೆ ಮಾತ್ರ ಅದನ್ನು ಬಳಸಬೇಕೆಂಬುದು ನೇಮ. ಅಲ್ಲಿ ಬೇರೆ ಮಾತು ತೆಗೆದವನಿಗೆ, ಇದನ್ನು ಬಯಲಿಗೆ ಒಯ್ಯಿ ಎಂದು ಹೇಳುವ ಹಕ್ಕು ಎಲ್ಲರಿಗೂ ಇದೆ.

2005ರಲ್ಲಿ ಆ ಕೂಟದವರು ಮತ ಹಾಕಿ ಒಂದು ನಿರ್ಣಯ ಮಾಡಿದರು: ಖಾಸಗಿ ಪಟ್ಟಿಯ ಪತ್ರಗಳನ್ನು ಮೂರು ವರ್ಷ ಕಳೆದ ಮೇಲೆ ಪರಿಶೀಲಿಸಿ, ಬರೆದವರ ಆಕ್ಷೇಪವನ್ನೂ ಕೇಳಿ, ತೆರೆಯತಕ್ಕವನ್ನು ತೆರೆಯಬೇಕು. ಒಳ್ಳೆಯ ನಿರ್ಣಯ. ಆದರೆ ರಾಶಿ ಪತ್ರಗಳನ್ನು ಕುಳಿತು ಓದಿ ವಿಂಗಡಿಸುವ ಕೆಲಸಕ್ಕೆ ಕೈಗಳು ಒದಗಲಿಲ್ಲ. ನಿರ್ಣಯ ಕಾಗದದಲ್ಲೇ ಉಳಿದು, 2016ರಲ್ಲಿ ಅದನ್ನು ಏನು ಮಾಡಬೇಕೆಂದು ಮತ್ತೆ ಮತಕ್ಕೆ ಹಾಕಬೇಕಾಯಿತು. ಮುಚ್ಚುವುದು ಸುಲಭ, ಮುಚ್ಚಿದ್ದನ್ನು ತೆರೆಯುವುದು ದುಡಿಮೆ. ಆದುದರಿಂದ ಕೋಣೆಗೆ ಹೋಗುವ ಮುನ್ನವೇ, ಹೊರಗೆ ಬಂದು ಹೇಳುವವರು ಯಾರು ಎಂಬುದನ್ನೂ ಗೊತ್ತುಮಾಡಿಕೊಂಡು ಹೋಗಬೇಕು.

ಬಂಧುಗಳೇ, ಇಷ್ಟನ್ನು ಕೇಳಿದ ಮೇಲೆ ನಾವು ಹಿಡಿಯತಕ್ಕ ಅಳತೆಗೋಲು ಯಾವುದು? ಬಾಗಿಲು ಹಾಕಿದೆ ಎಂದು ಕಂಡೊಡನೆ ಕಲ್ಲೆಸೆಯಬೇಕಾಗಿಲ್ಲ. ನಾಲ್ಕು ಪ್ರಶ್ನೆ ಕೇಳಿದರೆ ಸಾಕು.

ಒಂದನೆಯದು: ಒಳಗೆ ಯಾವ ವಿಷಯ? ಒಬ್ಬನ ಮಾನ, ಕಳ್ಳರಿಂದ ಕಾಪಾಡಬೇಕಾದ ಬಿರುಕು ಎಂಬಂಥ ಹೆಸರು ಹೇಳಬಲ್ಲ ವಿಷಯವಾದರೆ ಸರಿ. ‘ಹೊರಗೆ ಮಾತಾಡಿದರೆ ಕಿರಿಕಿರಿ’ ಎಂಬುದು ವಿಷಯವಲ್ಲ.

ಎರಡನೆಯದು: ಒಳಗೆ ಯಾರಿದ್ದಾರೆ, ಅವರನ್ನು ಕರೆದವರು ಯಾರು? ಮಾತು ಗುಟ್ಟಾಗಿರಬಹುದು. ಆದರೆ ಅಂಥ ಕೋಣೆಯೊಂದಿದೆ ಎಂಬುದೂ, ಅದರಲ್ಲಿರುವವರ ಹೆಸರುಗಳೂ ಗುಟ್ಟಾಗಿರಬಾರದು. ಹೊರಗಿನವನು ಒಳಗೆ ಬರಬೇಕಾದರೆ ಏನು ಮಾಡಬೇಕೆಂಬುದು ಬರಹದಲ್ಲಿರಬೇಕು.

ಮೂರನೆಯದು: ಎಷ್ಟು ದಿನ? ಹದಿನಾಲ್ಕು ದಿನವೋ ಮೂರು ವರ್ಷವೋ, ಗಡುವು ಮೊದಲೇ ಗೊತ್ತಾಗಿರಬೇಕು. ಅದು ತೀರಿದಾಗ ಬಾಗಿಲು ತೆಗೆಯುವವನ ಹೆಸರೂ ಗೊತ್ತಾಗಿರಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮಿಗಿಲಾದುದು: ಎಲ್ಲರನ್ನೂ ಕಟ್ಟಿಹಾಕುವ ತೀರ್ಮಾನ ಎಲ್ಲಿ ಆಗುತ್ತದೆ? ಕೋಣೆಯಲ್ಲಿ ಸಮಾಲೋಚನೆ ಆಗಲಿ. ತೀರ್ಮಾನ ಚಾವಡಿಯಲ್ಲಿ, ಕಾರಣ ಸಹಿತ, ಬರಹದಲ್ಲಿ ಆಗಬೇಕು. ಹೊರಗೆ ಬಂದದ್ದು ಬರಿಯ ಘೋಷಣೆಯಾದರೆ ಆ ಚಾವಡಿ ಚಾವಡಿಯಲ್ಲ, ನೋಟೀಸು ಹಚ್ಚುವ ಗೋಡೆ.

ಈ ನಾಲ್ಕಕ್ಕೂ ಉತ್ತರ ಸಿಗುವ ಕೂಟದಲ್ಲಿ ಮುಚ್ಚಿದ ಪಟ್ಟಿಯಿಂದ ಯಾರಿಗೂ ಕೇಡಿಲ್ಲ. ಉತ್ತರ ಸಿಗದ ಕೂಟದ ಗತಿ ಏನಾಯಿತೆಂದು ಆಗಲೇ ಹೇಳಿದ್ದೇವೆ: ಒಳ್ಳೆಯ ಕೆಲಸಗಾರರು ಮೊದಲು ಮಾತು ನಿಲ್ಲಿಸುತ್ತಾರೆ, ಆಮೇಲೆ ಕೈ ನಿಲ್ಲಿಸುತ್ತಾರೆ, ಕಡೆಗೆ ಬಿಟ್ಟು ಹೋಗುತ್ತಾರೆ. ಕೋಣೆಯಲ್ಲಿ ಉಳಿದವರಿಗೆ ಅದು ತಿಳಿ­ಯುವುದೂ ತಡವಾಗಿಯೇ, ಏಕೆಂದರೆ ಹೊರಗಿನ ಸದ್ದು ಒಳಗೆ ಕೇಳಿಸುವುದಿಲ್ಲ.

ನಮ್ಮ ಊರಿನಲ್ಲೂ ಸಂಘಗಳಿವೆ, ವರ್ತಕರ ಮಂಡಳಿಗಳಿವೆ, ಸಹಕಾರಿ ಪತ್ತಿನ ಸಂಘಗಳಿವೆ, ಜಾತ್ರೆಯ ಸಮಿತಿಗಳಿವೆ. ಅವುಗಳ ಕೆಲಸವನ್ನು ಹೊತ್ತವರಲ್ಲಿ ಸಂಬಳವಿಲ್ಲದವರೇ ಬಹಳ. ಮುಂದಿನ ಸಲ ಸಭೆಗೆ ಹೋಗುವಾಗ ಈ ನಾಲ್ಕು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ವಿನಯದಿಂದ ಕೇಳಿ. ಕೇಳಿದ ಮೇಲೆ ಉತ್ತರವನ್ನು ದಫ್ತರದಲ್ಲಿ ಬರೆಸಿ. ಕೇಳುವವನಿಗೆ ಇನ್ನೊಂದು ಹೊಣೆಯೂ ಇದೆ: ಚಾವಡಿ ತೆರೆದಿರಬೇಕೆನ್ನುವವನು ಅಲ್ಲಿ ಬಂದು ಕೂರಬೇಕು, ಸರದಿಯಂತೆ ಮಾತಾಡಬೇಕು, ಮಾತು ಮುಗಿದ ಮೇಲೆ ಕೆಲಸಕ್ಕೆ ಹೆಗಲು ಕೊಡಬೇಕು. ಯಾರೂ ಬಾರದ ಚಾವಡಿಯ ತೀರ್ಮಾನಗಳು ತಾವಾಗಿಯೇ ಕೋಣೆಗೆ ಹೋಗಿ ಸೇರುತ್ತವೆ.